ನಿಜಾಮ ಸಂಸ್ಥಾನದ ವಿಮಾನದಳಪತಿ: ಇದ್ರಿಸ್ ಹಸನ್ ಲತೀಫ್

ಕಲಬುರಗಿ ಸೀಮೆಯ ಚಾಳುಕ್ಯ ಶಾಸನಗಳಿಂದ ದಂಡನಾಯಕರ ಬಿರುದಾವಳಿಗಳನ್ನು ಶ್ರಮಪಟ್ಟು ಸಂಗ್ರಹಿಸುವ ನಾವು, ನಮ್ಮ ಕಾಲದ ದಂಡನಾಯಕರ ಚರಿತ್ರೆಯನ್ನು ಸಂಶೋಧನೆಗೆ ತಕ್ಕ ವಿಷಯವೆಂದು ಬಗೆಯುವುದು ವಿರಳ. 1978ರಿಂದ 1981ರವರೆಗೆ ಭಾರತೀಯ ವಾಯುಸೇನೆಯ ಮುಖ್ಯಸ್ಥರಾಗಿದ್ದ ಏರ್ ಚೀಫ್ ಮಾರ್ಷಲ್ ಇದ್ರಿಸ್ ಹಸನ್ ಲತೀಫರು 1923ರ ಜೂನ್ 9ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಕಲಬುರಗಿಯು ಅದೇ ಸಂಸ್ಥಾನದ ಒಂದು ಸುಬಾದ ಮುಖ್ಯಪಟ್ಟಣ. 1956ರವರೆಗೂ ನಮಗೂ ಅವರಿಗೂ ರಾಜಧಾನಿ ಒಂದೇ. ಆದಕಾರಣ ಅವರನ್ನು ಪರಸೀಮೆಯವರೆಂದು ಬಿಟ್ಟುಬಿಡುವುದು ನ್ಯಾಯವಲ್ಲ.

ಸಂಸ್ಥಾನಕ್ಕೂ ವಿಮಾನಗಳಿಗೂ ಸಂಬಂಧವು ಇನ್ನೂ ಹಳೆಯದು. 1918ರಲ್ಲಿ ಬ್ರಿಟಿಷರ 110ನೆಯ ದಳಕ್ಕೆ ನಿಜಾಮರು ವಿಮಾನಗಳನ್ನು ದಾನವಿತ್ತರು. ಎರಡನೆಯ ಮಹಾಯುದ್ಧದಲ್ಲಿ 152 ಮತ್ತು 253ನೆಯ ದಳಗಳೂ ಹೈದರಾಬಾದಿನ ಹೆಸರನ್ನು ಹೊತ್ತವು. ಆ ಧನವು ದಿವಾನಿಯದೋ ಸರ್ಫೆಖಾಸಿನದೋ ಎಂಬ ವಿಚಾರ ಹಾಗಿರಲಿ. ಮೂಲದಲ್ಲಿ ಅದು ಕಮಲಾಪುರದಂತಹ ಊರುಗಳ ರೈತರು ತೆತ್ತುದೇ ಸರಿ. ಕೀರ್ತಿ ಮಾತ್ರ ಅರಮನೆಗೆ ಸಂದಿತು.

ಲತೀಫರು 1942ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ವಾಯುಸೇನೆಯನ್ನು ಸೇರಿದರು. ಇಂಗ್ಲೆಂಡಿನಲ್ಲಿ ಹರಿಕೇನ್, ಸ್ಪಿಟ್‌ಫೈರ್ ವಿಮಾನಗಳಲ್ಲಿ ಪಳಗಿ, ಬರ್ಮಾ ಯುದ್ಧದಲ್ಲಿ ಪಾಲ್ಗೊಂಡರು. 1947ರಲ್ಲಿ ದೇಶದೊಡನೆ ಸೇನೆಯೂ ಒಡೆಯಿತು. ಮುಂದೆ ಪಾಕಿಸ್ತಾನದ ವಾಯುಸೇನಾಪತಿಗಳಾದ ಅಸ್ಘರ್ ಖಾನ್, ನೂರ್ ಖಾನರು ಅವರ ಒಡನಾಡಿಗಳು. ತಮ್ಮೊಡನೆ ಬರುವಂತೆ ಇವರನ್ನು ಕರೆದರು. ಮತವೂ ದೇಶವೂ ಒಂದೇ ಅಲ್ಲವೆಂದು ಬಗೆದ ಲತೀಫರು ಒಪ್ಪಲಿಲ್ಲ.

ಇದನ್ನು ಬರೆದವರೆಲ್ಲರೂ ವಾಯುಸೇನೆಯ ಪ್ರಥಮ ಮುಸಲ್ಮಾನ ಮುಖ್ಯಸ್ಥರೆಂಬ ಮಾತಿಗೆ ನಿಂತುಬಿಡುತ್ತಾರೆ. ನನ್ನ ಮತದಲ್ಲಿ ಇಲ್ಲಿ ಗಮನಿಸತಕ್ಕ ಅಂಶವು ಬೇರೆ. ಅವರ ತವರು ಸಂಸ್ಥಾನವು ಆಗ ಎರಡು ದೇಶಗಳಲ್ಲಿ ಯಾವುದಕ್ಕೂ ಸೇರಿರಲಿಲ್ಲ. ನಿಜಾಮರು ಸ್ವತಂತ್ರರಾಗಿ ಉಳಿಯಬಯಸಿದ್ದರು. ಕಲಬುರಗಿಯ ಜನರು ರಜಾಕಾರರ ಹಾವಳಿಯನ್ನು ಸಹಿಸುತ್ತಿದ್ದ ಆ ಹದಿಮೂರು ತಿಂಗಳು, 1948ರ ಸೆಪ್ಟೆಂಬರ್ 17ರವರೆಗೆ, ಲತೀಫರು ಭಾರತದ ಸಮವಸ್ತ್ರದಲ್ಲಿದ್ದರು. ಊರಿಗಿಂತ ಮೊದಲೇ ಊರಿನವನೊಬ್ಬನು ಭಾರತಕ್ಕೆ ಸೇರಿದ್ದನೆಂದಾಯಿತು. ಮತಭೇದವೊಂದರಿಂದಲೇ ಆ ವರ್ಷದ ಚರಿತ್ರೆಯನ್ನು ಬರೆಯುವವರು ಇದಕ್ಕೆ ಉತ್ತರ ಹೇಳಬೇಕು.

ಉಳಿದುದನ್ನು ಸಂಕ್ಷೇಪಿಸಬಹುದು. 1950ರಲ್ಲಿ ದೆಹಲಿಯ ಪ್ರಥಮ ಗಣರಾಜ್ಯೋತ್ಸವದ ವಿಮಾನಪಂಕ್ತಿಗೆ ಅವರು ಮುಂದಾಳಾಗಿದ್ದರು. 1979ರಲ್ಲಿ ಜಾಗ್ವಾರ್ ವಿಮಾನಗಳು ಸೇನೆಗೆ ಸೇರಿದುದು ಅವರ ಅಧಿಕಾರಕಾಲದಲ್ಲಿಯೇ. ನಿವೃತ್ತಿಯ ತರುವಾಯ ಮಹಾರಾಷ್ಟ್ರದ ರಾಜ್ಯಪಾಲರೂ ಫ್ರಾನ್ಸಿನಲ್ಲಿ ರಾಯಭಾರಿಗಳೂ ಆಗಿ, 2018ರ ಏಪ್ರಿಲ್ 30ರಂದು ಹೈದರಾಬಾದಿನಲ್ಲಿ ಕಾಲವಶರಾದರು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮೇಲೆ ಹೋಗುವ ದಾರಿಯು ಮುಟ್ಟುವ ಬೀದರದಲ್ಲಿ, ಅಂತಹ ಯುದ್ಧವಿಮಾನಗಳನ್ನು ನಡೆಸಬೇಕಾದ ತರುಣರು 2008ರಿಂದ ಹಾಕ್ ವಿಮಾನಗಳಲ್ಲಿ ಅಭ್ಯಾಸಮಾಡುತ್ತಿದ್ದಾರೆ.