ಶಿಕ್ಷಕರಿಗೆ ಮುಷ್ಕರದ ಹಕ್ಕು ಬೇಕೆ?



ಶಿಕ್ಷಕರ ದಿನಾಚರಣೆ ಎಂದೊಡನೆ ನಿಮಗೆ ನೆನಪಾಗುವುದು ಸೆಪ್ಟೆಂಬರ್ 5. ಡಾ. ಎಸ್. ರಾಧಾಕೃಷ್ಣನ್ ಅವರ ಹುಟ್ಟಿದ ದಿನವಾದ ಅದನ್ನು ನಮ್ಮ ದೇಶ 1962ರಿಂದ ಆಚರಿಸುತ್ತಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದ ಪ್ರಸಂಗವನ್ನು ನೀವು ಕೇಳಿರಬಹುದು.

ಶಿಕ್ಷಕರಿಗೆ ಮತ್ತೊಂದು ದಿನವೂ ಉಂಟು. ಅದು ಅಕ್ಟೋಬರ್ 5. 1966ರ ಆ ದಿನ ಪ್ಯಾರಿಸ್ಸಿನಲ್ಲಿ ಸೇರಿದ್ದ ಅನೇಕ ರಾಷ್ಟ್ರಗಳ ಸಮ್ಮೇಳನವು ಶಿಕ್ಷಕರ ಸ್ಥಾನಮಾನ ಕುರಿತ ಶಿಫಾರಸನ್ನು ಅಂಗೀಕರಿಸಿತು. ಅದರ ನೆನಪಿಗಾಗಿ 1994ರಿಂದ ಆ ದಿನವನ್ನು ವಿಶ್ವ ಶಿಕ್ಷಕರ ದಿನವೆಂದು ಆಚರಿಸಲಾಗುತ್ತಿದೆ. ಮೊದಲನೆಯದು ಗುರುಗಳಿಗೆ ಹಾರ ಹಾಕುವ ದಿನ. ಎರಡನೆಯದು ಅವರ ಸಂಬಳ, ರಜೆ, ಕೆಲಸದ ಭದ್ರತೆಗಳನ್ನು ನೆನೆಯುವ ದಿನ. ನಾವು ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆ ಹುಟ್ಟುವುದು ಈ ಎರಡು ದಿನಗಳ ನಡುವೆ. ಗುರು ಎಂದು ಗೌರವಿಸುವ ವ್ಯಕ್ತಿ ಸಂಬಳಕ್ಕೆ ದುಡಿಯುವ ನೌಕರರೂ ಹೌದು. ಹಾಗಾದರೆ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಮುಷ್ಕರ ಹೂಡುವ ಹಕ್ಕು ಇರಬೇಕೆ?

ಮೊದಲು ಕಾನೂನಿನ ಇತಿಹಾಸವನ್ನು ನೋಡೋಣ. ನಮ್ಮ ಸಂವಿಧಾನದ 19ನೆಯ ವಿಧಿಯು ಸಂಘ ಕಟ್ಟುವ ಹಕ್ಕನ್ನು ಕೊಟ್ಟಿದೆ. ಸಂಘ ಕಟ್ಟಿದವರು ಮುಷ್ಕರ ಹೂಡಬಹುದೆ? ಬಿಹಾರದಲ್ಲಿ ಸರ್ಕಾರಿ ನೌಕರರ ಮತಪ್ರದರ್ಶನ ಮತ್ತು ಮುಷ್ಕರ ಎರಡನ್ನೂ ನಿಷೇಧಿಸುವ ನಿಯಮವೊಂದಿತ್ತು. 1962ರಲ್ಲಿ ಕಾಮೇಶ್ವರ ಪ್ರಸಾದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಎರಡಾಗಿ ಸೀಳಿ ನೋಡಿತು. ಶಾಂತಿಯುತ ಪ್ರದರ್ಶನವೂ ಒಂದು ಬಗೆಯ ಅಭಿವ್ಯಕ್ತಿ, ಅದನ್ನು ಪೂರ್ತಿಯಾಗಿ ತಡೆಯುವಂತಿಲ್ಲ ಎಂದಿತು. ಮುಷ್ಕರ ಮಾತ್ರ ಮೂಲಭೂತ ಹಕ್ಕಲ್ಲ ಎಂದಿತು. ಸಂಜೆ ಫಲಕ ಹಿಡಿದು ಮೆರವಣಿಗೆ ಹೋಗಬಹುದು, ಬೆಳಿಗ್ಗೆ ಕೆಲಸ ಬಿಟ್ಟು ಕೂರುವಂತಿಲ್ಲ ಎಂಬುದು ಇದರ ತಾತ್ಪರ್ಯ.

ಮುಂದಿನ ಘಟ್ಟ ನಮ್ಮ ಬೆಂಗಳೂರಿಗೇ ಸೇರಿದ್ದು. ನಗರದ ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಪ್ರಮುಖ ತೀರ್ಪು ಬರೆದರು. 'ಕೈಗಾರಿಕೆ' ಎಂಬ ಮಾತಿಗೆ ಅಲ್ಲಿ ಬಹು ವಿಶಾಲವಾದ ಅರ್ಥ ಬಂದಿತು. ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಸೇರಿದವು. ಆದರೆ 1988ರಲ್ಲಿ, ಕೆಲಸ ಕಳೆದುಕೊಂಡ ಗೋವಾದ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ, 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ ಶಿಕ್ಷಕರು 'ಕೆಲಸಗಾರ'ರಲ್ಲ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಈ ವೈಚಿತ್ರ್ಯವನ್ನು ಗಮನಿಸಿ: ಶಾಲೆ ಕೈಗಾರಿಕೆಯಾಯಿತು, ಪಾಠ ಹೇಳುವವರು ಕೆಲಸಗಾರರಾಗಲಿಲ್ಲ. ಶಾಲೆಯ ಗುಮಾಸ್ತನಿಗೆ ತೆರೆದಿದ್ದ ಬಾಗಿಲು ಮೇಷ್ಟರಿಗೆ ತೆರೆಯಲಿಲ್ಲ.

ಈ ಪ್ರಶ್ನೆ ಅತ್ಯಂತ ಉಗ್ರವಾಗಿ ಎದ್ದದ್ದು ನೆರೆಯ ತಮಿಳುನಾಡಿನಲ್ಲಿ. ಪಿಂಚಣಿ ಮೊದಲಾದ ಸೌಲಭ್ಯಗಳ ಕಡಿತವನ್ನು ವಿರೋಧಿಸಿ 2003ರ ಜುಲೈನಲ್ಲಿ ಅಲ್ಲಿನ ಸರ್ಕಾರಿ ನೌಕರರೂ ಶಿಕ್ಷಕರೂ ಮುಷ್ಕರ ಹೂಡಿದರು. ರಾಜ್ಯ ಸರ್ಕಾರವು ಸುಮಾರು 1 ಲಕ್ಷ 70 ಸಾವಿರ ಜನರನ್ನು ಒಮ್ಮೆಗೇ ವಜಾ ಮಾಡಿತು. ಬೇಷರತ್ ಕ್ಷಮೆ ಕೋರಿದ ಮೇಲೆ ಅವರಲ್ಲಿ ಬಹುಪಾಲು ಜನರನ್ನು ಮತ್ತೆ ಸೇರಿಸಿಕೊಳ್ಳಲು ಒಪ್ಪಿತು. ಅದೇ ವರ್ಷ ಆಗಸ್ಟ್ 6ರಂದು ಸುಪ್ರೀಂ ಕೋರ್ಟು, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ, ಕಾನೂನಿನ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲ ಎಂದು ಸಾರಿತು.

ಈ ಪ್ರಕರಣದಲ್ಲಿ ಎಲ್ಲರೂ ಗಮನಿಸದ ಸಂಗತಿಯೊಂದಿದೆ. ನ್ಯಾಯ ಬೇಡಿ ಬಂದ ನೌಕರರಿಗೆ ಮದ್ರಾಸ್ ಹೈಕೋರ್ಟು ಆಡಳಿತ ನ್ಯಾಯಮಂಡಲಿಯ ಬಳಿಗೆ ಹೋಗಿ ಎಂದಿತ್ತು. ಆಗ ಆ ಮಂಡಲಿಯಲ್ಲಿ ಇದ್ದದ್ದು ಒಬ್ಬರೇ ಸದಸ್ಯರು! ಲಕ್ಷಗಟ್ಟಲೆ ಜನರ ಅಹವಾಲನ್ನು ಒಬ್ಬರು ಎಂದಿಗೆ ಕೇಳಿ ಮುಗಿಸಿಯಾರು? ಸುಪ್ರೀಂ ಕೋರ್ಟು ಸಹ ಇದನ್ನು ಗುರುತಿಸಿತು.

ಮುಷ್ಕರ ಕೂಡದು ಎನ್ನುವವರ ವಾದ ಹಗುರವಾದದ್ದಲ್ಲ. ಗಿರಣಿಯಲ್ಲಿ ಮುಷ್ಕರವಾದರೆ ಮಾಲೀಕರ ಲಾಭ ನಿಲ್ಲುತ್ತದೆ. ಶಾಲೆಯಲ್ಲಾದರೆ ನಿಲ್ಲುವುದು ಮಗುವಿನ ಪಾಠ. ಉಳ್ಳವರ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಲೇ ಇರುತ್ತಾರೆ. ಬಡವರ ಮಗುವಿಗೆ ಪಾಠದ ಜೊತೆಗೆ ಮಧ್ಯಾಹ್ನದ ಬಿಸಿಯೂಟವೂ ತಪ್ಪುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳನ್ನು ಗೊತ್ತುಮಾಡಿದೆ. ಆ ದಿನಗಳು ಮಗುವಿನ ಆಸ್ತಿ.

ಇನ್ನೊಂದು ಪಕ್ಷದ ಮಾತನ್ನೂ ಕೇಳಿ. ಶಿಕ್ಷಕರ ಹುದ್ದೆ ಖಾಲಿ ಬಿದ್ದು ಒಬ್ಬರೇ ಎರಡು ಮೂರು ತರಗತಿಗಳನ್ನು ಕೂಡಿಸಿ ಪಾಠ ಮಾಡಿದಾಗ ಹೋಗುವುದೂ ಮಗುವಿನ ಪಾಠವೇ. ಆ ನಷ್ಟ ಸದ್ದಿಲ್ಲದೆ ನಡೆಯುವುದರಿಂದ ಯಾರ ಲೆಕ್ಕಕ್ಕೂ ಬರುವುದಿಲ್ಲ, ಅಷ್ಟೇ.

ನಿಷೇಧವೊಂದರಿಂದಲೇ ಮುಷ್ಕರ ನಿಂತೀತೆ? ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿಯೂ ಸರ್ಕಾರಿ ಶಾಲಾ ಶಿಕ್ಷಕರಿಗೆ ಮುಷ್ಕರದ ಹಕ್ಕು ಇರಲಿಲ್ಲ. ಆದರೂ 2018ರ ಫೆಬ್ರುವರಿ 22ರಂದು ಅಲ್ಲಿನ 55 ಕೌಂಟಿಗಳಲ್ಲೂ ಶಿಕ್ಷಕರು ಹೊರನಡೆದರು. ಶಾಲೆಗಳು ಒಂಬತ್ತು ದಿನ ಮುಚ್ಚಿದವು. ಕೊನೆಗೆ ಸರ್ಕಾರ ಶೇಕಡಾ 5ರ ಸಂಬಳ ಏರಿಕೆಗೆ ಒಪ್ಪಬೇಕಾಯಿತು. ಶಾಲೆಯ ಊಟವನ್ನೇ ನಂಬಿದ್ದ ಮಕ್ಕಳು ಹಸಿದಿರಬಾರದೆಂದು ಶಿಕ್ಷಕರೇ ಊಟದ ಪೊಟ್ಟಣಗಳನ್ನು ಕಟ್ಟಿ ಹಂಚಿದರು. ಮುಷ್ಕರದ ಬಿಸಿ ಮೊದಲು ತಟ್ಟುವುದು ಯಾರಿಗೆಂದು ಅವರಿಗೆ ತಿಳಿದಿತ್ತು.

ಹಾಗಾದರೆ ಮಧ್ಯದ ದಾರಿ ಇಲ್ಲವೆ? ಇದೆ, ಅದು ನಮ್ಮ ದೇಶದಲ್ಲಿಯೇ ಇದೆ. 1960ರಲ್ಲಿ ಕೇಂದ್ರ ಸರ್ಕಾರದ ನೌಕರರು ದೊಡ್ಡ ಮುಷ್ಕರ ನಡೆಸಿದ್ದರು. ಮುಂದೆ 1966ರಲ್ಲಿ ಕೇಂದ್ರ ಸರ್ಕಾರ ಜಂಟಿ ಸಮಾಲೋಚನಾ ವ್ಯವಸ್ಥೆಯನ್ನು ಜಾರಿಗೆ ತಂದಿತು. ಸಂಬಳ ಮತ್ತು ಭತ್ಯೆ, ವಾರದ ಕೆಲಸದ ಅವಧಿ, ರಜೆ, ಈ ವಿಷಯಗಳಲ್ಲಿ ಎರಡೂ ಕಡೆಯವರಿಗೆ ಒಮ್ಮತ ಬಾರದಿದ್ದರೆ ಕಡ್ಡಾಯ ಪಂಚಾಯ್ತಿ ತೀರ್ಮಾನಕ್ಕೆ ಅಲ್ಲಿ ಅವಕಾಶವಿದೆ. ಪ್ಯಾರಿಸ್ಸಿನ ಶಿಫಾರಸು ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ವಿವಾದ ತೀರಿಸಲು ಜಂಟಿ ವ್ಯವಸ್ಥೆ ಇರಬೇಕು. ಅದು ವಿಫಲವಾದಾಗ, ಇತರ ಸಂಘಟನೆಗಳಿಗಿರುವ ಮಾರ್ಗಗಳು ಶಿಕ್ಷಕರ ಸಂಘಟನೆಗಳಿಗೂ ಇರಬೇಕು. ನಮ್ಮ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಪ್ರಕರಣವೂ ಶಿಕ್ಷಕರ ಕುಂದುಕೊರತೆಗಳನ್ನು ನಿಯಮಾನುಸಾರ ಪರಿಹರಿಸಬೇಕೆನ್ನುತ್ತದೆ.

ಈ ಇತಿಹಾಸದಿಂದ ನನಗೆ ತೋರುವುದು ಇಷ್ಟು. ಮುಷ್ಕರದ ಹಕ್ಕನ್ನು ತೆಗೆದುಕೊಳ್ಳುವ ಸರ್ಕಾರ ಅದರ ಬದಲಿಗೆ ಏನನ್ನಾದರೂ ಕೊಡಲೇಬೇಕು. ಗೊತ್ತಾದ ಗಡುವಿನೊಳಗೆ ಅಹವಾಲು ಕೇಳುವ, ತೀರ್ಪು ಕೊಡುವ, ಆ ತೀರ್ಪಿಗೆ ತಾನೂ ಬದ್ಧವಾಗುವ ವ್ಯವಸ್ಥೆ ಇದ್ದಲ್ಲಿ ಮುಷ್ಕರವನ್ನು ನಿಷೇಧಿಸುವುದು ನ್ಯಾಯ. ಅದಿಲ್ಲದೆ ಬರಿಯ ನಿಷೇಧ ಹೇರಿದರೆ ಬಾಯಿ ಕಟ್ಟಿದಂತಾಗುತ್ತದೆ. ಶಿಕ್ಷಕರೂ ಅಷ್ಟೇ. ಎಲ್ಲ ಬಾಗಿಲು ತಟ್ಟಿದ ಮೇಲೆ, ಮುಂಚಿತವಾಗಿ ತಿಳಿಸಿ, ಕಳೆದ ದಿನಗಳ ಪಾಠವನ್ನು ತುಂಬಿಕೊಡುವ ಹೊಣೆ ಹೊತ್ತು ಮಾತ್ರ ಆ ಕೊನೆಯ ಹೆಜ್ಜೆ ಇಡಬೇಕು.

ನಿಮ್ಮ ಶಾಲೆ ಕಾಲೇಜುಗಳ ಚರ್ಚಾಕೂಟದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಿ. ಮುಷ್ಕರದ ಪರ ಮಾತನಾಡುವವರು, ಮಗು ಕಳೆದುಕೊಂಡ ದಿನವನ್ನು ಯಾರು ಹಿಂದಿರುಗಿಸುತ್ತಾರೆ ಎಂಬುದಕ್ಕೆ ಉತ್ತರ ಹೇಳಲಿ. ವಿರೋಧವಾಗಿ ಮಾತನಾಡುವವರು, ಶಿಕ್ಷಕರ ಅರ್ಜಿಗೆ ಯಾವ ತಾರೀಖಿನೊಳಗೆ ಯಾರು ಉತ್ತರ ಕೊಡುತ್ತಾರೆ ಎಂಬುದನ್ನು ಹೇಳಲಿ. ಎರಡಕ್ಕೂ ಉತ್ತರ ಸಿಕ್ಕ ದಿನ ಸೆಪ್ಟೆಂಬರ್ 5ರ ಹಾರಕ್ಕೆ ನಿಜವಾದ ಅರ್ಥ ಬಂದೀತು.