ಎಚ್ಚೆನ್ ಊರ ಕಡೆಯ ಹೊಳೆ, ಬಾಬಾ ಹೆಸರಿನ ನಲ್ಲಿ

ನಮ್ಮ ಅಜ್ಜಿಯ ಊರು ಪಾವಗಡ ತಾಲೂಕಿನಲ್ಲಿ. ನಕ್ಷೆ ತೆಗೆದು ನೋಡಿ, ಆಂಧ್ರದೊಳಗೆ ತಲೆ ತೂರಿಸಿಕೊಂಡು ಕೂತ ಕರ್ನಾಟಕದ ತುಂಡು ಅದು. ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಹೋದರೆ ನನ್ನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅಲ್ಲಿನವರ ಹಲ್ಲು. ಕಂದು ಗೆರೆ, ಹಳದಿ ಕಲೆ. ದೊಡ್ಡವರದ್ದು ಎಲೆಅಡಿಕೆಯಿಂದ ಇರಬೇಕು ಅಂದುಕೊಂಡರೆ, ನನ್ನ ಜೊತೆ ಗೋಲಿ ಆಡುವ ಹುಡುಗರ ಹಲ್ಲೂ ಹಾಗೇ! ಅಜ್ಜಿಗಂತೂ ಸೊಂಟ ಬಗ್ಗಿಸಲು ಆಗುತ್ತಿರಲಿಲ್ಲ. ಕೇಳಿದರೆ "ಬೋರ್ ನೀರು ಕಣಪ್ಪಾ" ಅನ್ನೋಳು.

ಗಡಿಯಾಚೆ ನೆಂಟರ ಊರಿತ್ತು. ಅಲ್ಲಿ ಬೀದಿಯಲ್ಲಿ ಒಂದು ಸಿಮೆಂಟ್ ತೊಟ್ಟಿ, ಅದಕ್ಕೆ ನಲ್ಲಿಗಳು. ಎಲ್ಲರ ಬಾಯಲ್ಲೂ ಅದು "ಸಾಯಿಬಾಬಾ ನೀರು". ಅಜ್ಜಿ ಬಾಬಾ ಭಕ್ತೆಯಲ್ಲ, ಅವಳಿಗೆ ಪಾವಗಡದ ಶನಿಮಹಾತ್ಮನೇ ಸಾಕು. ಆದರೂ ಅಲ್ಲಿಗೆ ಹೋದಾಗಲೆಲ್ಲ ಒಂದು ಕ್ಯಾನ್ ತುಂಬಿಸಿಕೊಂಡು ಬರುತ್ತಿದ್ದಳು.

ನಾನು ಇಂಜಿನಿಯರಿಂಗ್ ಸೇರಿದ ಮೇಲೆ ಎಚ್. ನರಸಿಂಹಯ್ಯನವರ ಬಗ್ಗೆ ಓದಿ ಅವರ ಅಭಿಮಾನಿಯಾದೆ. ಬಾಬಾ, ವಿಭೂತಿ ಅಂದರೆ ನಗು ಬರುತ್ತಿತ್ತು. ಆದರೆ ಆ ಕ್ಯಾನ್ ನೆನಪಾದಾಗಲೆಲ್ಲ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾಗಿ ಈ ನೀರಿನ ಕಥೆಯನ್ನೇ ಒಮ್ಮೆ ಕೆದಕಿ ನೋಡೋಣ ಅನ್ನಿಸಿತು.

ಅನಂತಪುರ ದೇಶದ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲೊಂದು, ವರ್ಷಕ್ಕೆ ಸುಮಾರು 550 ಮಿ.ಮೀ. ಕೆರೆ, ತೆರೆದ ಬಾವಿ ಬತ್ತಿದ ಹಾಗೆ ಬೋರ್‌ವೆಲ್‌ಗಳು ಬಂದವು. ಗ್ರಾನೈಟ್ ಬಂಡೆಯ ಸಂದಿಯಲ್ಲಿ ತುಂಬಾ ಕಾಲ ಕೂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಪಾಯ. ಮೊದಲು ಮಕ್ಕಳ ಹಲ್ಲು, ವರ್ಷಗಟ್ಟಲೆ ಕುಡಿದರೆ ಮೂಳೆ, ಬೆನ್ನು. ನೀರು ಕುದಿಸಿದರೂ ಹೋಗುವುದಿಲ್ಲ, ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಕಡೆ. ಅಂದರೆ ಗೊತ್ತಿಲ್ಲದ ರೋಗವೇನಲ್ಲ. ಗೊತ್ತಿದ್ದೂ ಜನ ಅದೇ ನೀರು ಕುಡಿಯುತ್ತಿದ್ದರು.

1994ರ ನವೆಂಬರ್‌ನಲ್ಲಿ ಸತ್ಯಸಾಯಿ ಬಾಬಾ ಜಿಲ್ಲೆಗೆ ಕುಡಿಯುವ ನೀರು ಕೊಡುವುದಾಗಿ ಹೇಳಿದರು. ದುಡ್ಡು ಟ್ರಸ್ಟಿನದು, ಕೆಲಸ ಎಲ್ ಅಂಡ್ ಟಿ ಕಂಪನಿಯದು. ಕೇಂದ್ರ ಸರ್ಕಾರದ ಒಂಬತ್ತನೇ ಪಂಚವಾರ್ಷಿಕ ಯೋಜನೆಯ ದಾಖಲೆಯಲ್ಲೇ ಇದರ ಪ್ರಸ್ತಾಪವಿದೆ: ಸರ್ಕಾರದ ಬಜೆಟ್ ಹಣವಿಲ್ಲದೆ ಸುಮಾರು 300 ಕೋಟಿ ರೂಪಾಯಿ ಖರ್ಚು, 731 ಹಳ್ಳಿಗಳು ಮತ್ತು ಕೆಲವು ಪಟ್ಟಣಗಳು, ಸುಮಾರು 18 ತಿಂಗಳು. 1999ರಲ್ಲಿ ಅಂಚೆ ಇಲಾಖೆ ಈ ಯೋಜನೆಯ ಮೇಲೆ ಅಂಚೆಚೀಟಿಯನ್ನೂ ತಂದಿತು.

ಆದರೆ ನೀರು ಬಂದದ್ದೆಲ್ಲಿಂದ? ಕೈ ತಿರುಗಿಸಿ ಸೃಷ್ಟಿಸಿದ್ದಂತೂ ಅಲ್ಲ. ಒಂದು ಪಾಲು ಹೊಸಪೇಟೆಯ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯಿಂದ. ಇನ್ನೊಂದು ಪಾಲು ಪೆನ್ನಾರ್, ಚಿತ್ರಾವತಿ, ಹಗರಿ ನದಿಗಳ ಮರಳಿನಡಿ ತೋಡಿದ ಬಾವಿಗಳಿಂದ. ಮೇಲೆ ಹೊಳೆ ಒಣಗಿದ್ದರೂ ಮರಳಿನ ಹೊಟ್ಟೆಯಲ್ಲಿ ನೀರಿರುತ್ತದೆ, ಬಂಡೆಯಾಳದ ನೀರಿನಷ್ಟು ಫ್ಲೋರೈಡ್ ಇರುವುದಿಲ್ಲ. ನಮ್ಮ ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳೂ ಮರಳಿನಲ್ಲಿ ಜಿನುಗುವ ನೀರನ್ನೇ ನಂಬಿಕೊಂಡಿದ್ದಂಥವು.

ತಮಾಷೆ ನೋಡಿ, ಪೆನ್ನಾರ್, ಚಿತ್ರಾವತಿ ಎರಡೂ ಹುಟ್ಟುವುದು ನಂದಿಬೆಟ್ಟದ ಆಸುಪಾಸಿನಲ್ಲಿ. ಹಗರಿ ಅಂದರೆ ನಮ್ಮ ವೇದಾವತಿ, ಬಾಬಾಬುಡನ್‌ಗಿರಿ ಕಡೆಯಿಂದ ಮಾರಿಕಣಿವೆ ದಾಟಿ ಹೋಗುವವಳು. ಪೆನ್ನಾರ್ ಹಾದುಹೋಗುವ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲೇ 1920ರಲ್ಲಿ ಎಚ್ಚೆನ್ ಹುಟ್ಟಿದ್ದು. ಬಡ ಮನೆಯ ಹುಡುಗ, ಓದಲು ಬೆಂಗಳೂರಿಗೆ ನಡೆದೇ ಬಂದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ಬಾಬಾಗೆ ಪತ್ರ ಬರೆದರು. ಪುಟ್ಟಪರ್ತಿ ಪರೀಕ್ಷೆಗೆ ಒಪ್ಪಲಿಲ್ಲ.

ಇಬ್ಬರೂ ಶಾಲೆ ಕಾಲೇಜು ಕಟ್ಟಿದರು. ಬಾಬಾ ಸಂಸ್ಥೆ 1968ರಲ್ಲಿ ಅನಂತಪುರದಲ್ಲಿ ಮಹಿಳಾ ಕಾಲೇಜು ತೆರೆಯಿತು. 1981ರಲ್ಲಿ ಅವರದೇ ವಿಶ್ವವಿದ್ಯಾಲಯವಾಯಿತು, ಫೀಸಿಲ್ಲದ ಓದು. ಎಚ್ಚೆನ್ ಗೌರಿಬಿದನೂರು, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದರು, ತಾವು ಬಸವನಗುಡಿಯ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದರು. ಒಬ್ಬರಿಗೆ ಭಕ್ತರ ಕೋಟಿಗಳು ಹರಿದು ಬಂದವು, ಇನ್ನೊಬ್ಬರ ಬಳಿ ಇದ್ದದ್ದು ಹಟ. ಪ್ರಶ್ನೆ ಕೇಳಿ ಅಂದವರಿಗೆ 18 ತಿಂಗಳಲ್ಲಿ 300 ಕೋಟಿ ಯಾರೂ ಕೊಡುವುದಿಲ್ಲ, ಇದನ್ನು ನನ್ನಂಥವರು ಒಪ್ಪಿಕೊಳ್ಳಲೇಬೇಕು. ಹಾಗಂತ ನಲ್ಲಿ ಹಾಕಿಸಿದ ಮಾತ್ರಕ್ಕೆ ಎಚ್ಚೆನ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೂ ಆಗುವುದಿಲ್ಲ. ಎರಡೂ ನಿಜ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಯೋಜನೆಯನ್ನು ಆಮೇಲೆ ರಾಜ್ಯ ಸರ್ಕಾರಕ್ಕೆ ಒಪ್ಪಿಸಿದರು. ಪಂಪು ತಿರುಗಿಸುವ ಕಾರ್ಮಿಕರು ಸಂಬಳ ಬಾಕಿ ಅಂತ ಮುಷ್ಕರ ಹೂಡಿ, ಹಳ್ಳಿಗಳಿಗೆ ನೀರು ನಿಂತ ಸುದ್ದಿ ಒಂದಲ್ಲ, ಹಲವು ಸಲ ಬಂದಿದೆ. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ ಬಿಡಿ. ರಿಲೀಸ್ ದಿನ ಕೇಕ್ ಕತ್ತರಿಸಲು ಎಲ್ಲರೂ ಇರುತ್ತಾರೆ, ಮೇಂಟೆನೆನ್ಸ್‌ಗೆ ಯಾರೂ ಇರುವುದಿಲ್ಲ. ಕಾಣಿಕೆಯಿಂದ ಪೈಪ್ ಹಾಕಬಹುದು, ಪ್ರತಿ ತಿಂಗಳ ಕರೆಂಟ್ ಬಿಲ್ಲು ಮತ್ತು ಸಂಬಳ ಕಾಣಿಕೆಯಿಂದ ನಡೆಯುವುದಿಲ್ಲ. ಅದಕ್ಕೆ ತೆರಿಗೆ ಬೇಕು, ಪಂಚಾಯ್ತಿ ಬೇಕು, ಬೆನ್ನು ಹತ್ತಿ ಕೇಳುವ ಜನ ಬೇಕು.

ಅಜ್ಜಿ ಈಗಿಲ್ಲ. ಅವಳ ಸೊಂಟ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಮೂಳೆಗೆ ಇಳಿದ ಫ್ಲೋರೋಸಿಸ್ ಆಮೇಲೆ ಒಳ್ಳೆ ನೀರು ಕುಡಿದರೆ ವಾಪಸ್ ಹೋಗುವುದಿಲ್ಲವಂತೆ. ಅವಳು ಆ ಕ್ಯಾನ್ ನೀರನ್ನು ತಾನು ಕುಡಿದದ್ದು ನಾನು ನೋಡಿಲ್ಲ. ರಜೆಗೆ ಬಂದ ನಮಗೇ ಕೊಡುತ್ತಿದ್ದಳು, ಇದು ನನಗೆ ಹೊಳೆದದ್ದು ಇದನ್ನು ಬರೆಯಲು ಕೂತಾಗಲೇ. ಮುಂದಿನ ಸಲ ಊರಿಗೆ ಹೋದಾಗ ಶಾಲೆಯ ನೀರನ್ನು ಒಂದು ಬಾಟಲಿಯಲ್ಲಿ ತಂದು ಟೆಸ್ಟ್ ಮಾಡಿಸಬೇಕು. ನಿಮ್ಮೂರೂ ಬೋರ್‌ವೆಲ್ ನಂಬಿದ್ದರೆ ನೀವೂ ಒಮ್ಮೆ ಮಾಡಿಸಿ.