ಓಲೆಯ ಮಾತಿಗೆ ಹೊರಗಿನ ಸಾಕ್ಷಿ

ನಾನು ಕಲಿತದ್ದು ಕನ್ನಡ. ಮೂವತ್ತು ವರುಷಕ್ಕೂ ಮಿಕ್ಕಿ ಕಲಿಸಿದ್ದೂ ಕನ್ನಡವೇ. ಅಂಥವನು ಮಿಂಚಂಚೆಯ ಇತಿಹಾಸವನ್ನು ಕುರಿತು ಮಾತನಾಡಹೊರಟದ್ದು ಕೆಲವರಿಗೆ ಸೋಜಿಗವೆನಿಸೀತು. ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಈ ವಿಷಯದ ಬಾಗಿಲನ್ನು ನನಗೆ ತೆರೆಯಿತು. ಅದರಿಂದಲೇ ಮೊದಲುಮಾಡುತ್ತೇನೆ.

ಹೋದ ವರುಷ ಚೌತಿಯ ಹಿಂದುಮುಂದಿನ ದಿನಗಳಲ್ಲಿ ನನಗೆ ಎರಡು ಮಿಂಚಂಚೆಗಳು ಬಂದವು. ಒಂದು, ಬ್ಯಾಂಕೊಂದರ ಹೆಸರು ಹೊತ್ತದ್ದು. ಮೂರು ದಿನಗಳೊಳಗೆ ಖಾತೆಯ ವಿವರ ತುಂಬಿ ಕಳುಹಿಸದಿದ್ದರೆ ಖಾತೆ ಸ್ಥಗಿತವಾಗುವುದೆಂದು ಅದರಲ್ಲಿ ಬರೆದಿತ್ತು. ಇನ್ನೊಂದು, ನಾನು ಷೇರುದಾರನಾಗಿರುವ ಸಹಕಾರಿ ಸಂಘವೊಂದರ ವಾರ್ಷಿಕ ಸಭೆಯ ತಿಳಿವಳಿಕೆ ಪತ್ರ. ಮೊದಲನೆಯದು ಮರ್ಯಾದಸ್ಥ ಅತಿಥಿಯಂತೆ ಜಗಲಿಯ ಮೇಲೆಯೇ ಕುಳಿತಿತ್ತು. ಎರಡನೆಯದು ‘ಸ್ಪ್ಯಾಮ್’ ಎಂಬ ಗೊಬ್ಬರಗುಂಡಿಯಲ್ಲಿ ಬಿದ್ದಿತ್ತು. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಸಭೆ ಮುಗಿದು ಎರಡು ದಿನ ಕಳೆದಿದ್ದವು. ಬ್ಯಾಂಕಿನವರಿಗಾದರೂ ಬೇಗ ಉತ್ತರ ಬರೆದುಬಿಡೋಣವೆಂದು ನಾನು ಕನ್ನಡಕ ಏರಿಸಿದ್ದೆ. ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ಸೋದರಳಿಯ ಕೈ ತಡೆದ. “ಮಾವ, ಓಲೆ ಮೇಲೆ ಹೆಸರು ಯಾರು ಬೇಕಾದ್ರೂ ಬರೀಲಕ್ಕು” ಎಂದ.

ಹೀಗೇಕಾಯಿತು? ಖೊಟ್ಟಿ ಓಲೆಗೆ ಜಗಲಿ, ಅಸಲು ಓಲೆಗೆ ಗೊಬ್ಬರಗುಂಡಿ! ಈ ಒಗಟನ್ನು ಬಿಡಿಸಬೇಕಾದರೆ ನಲವತ್ತು ವರುಷಗಳಿಗೂ ಹಿಂದಕ್ಕೆ ಹೋಗಬೇಕು. ಅದಕ್ಕೂ ಮೊದಲು ನನಗೆ ಪರಿಚಿತವಾದ ಇನ್ನೂ ಹಳೆಯ ಒಂದು ದಾರಿಯಲ್ಲಿ ಕೆಲವು ಹೆಜ್ಜೆ ನಡೆಯೋಣ.

ಕದಂಬರ ರಾಜಧಾನಿಯಾಗಿದ್ದ ಬನವಾಸಿ ನಮ್ಮ ಶಿರಸಿ ತಾಲ್ಲೂಕಿನಲ್ಲೇ ಇದೆ. ಅದರ ನೆರೆಯಲ್ಲಿ ಬಾಳುವವರಿಗೆ ತಾಮ್ರಪಟದ ಮಾತು ಹೊಸತಲ್ಲ. ಭೂಮಿಯನ್ನು ದತ್ತಿ ಬಿಟ್ಟ ಅರಸ ಅದನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯಿಸಿ, ಹಲಗೆಗಳಿಗೆ ಬಳೆ ತೊಡಿಸಿ, ಬಳೆಗೆ ತನ್ನ ಮುದ್ರೆಯೊತ್ತಿಸಿ ಕೊಡುತ್ತಿದ್ದ. ಭೂಮಿಯಾಸೆಯಿಂದ ಖೊಟ್ಟಿ ಪಟಗಳನ್ನು ಕೊರೆಯಿಸಿದವರೂ ಇದ್ದರು. ಅವುಗಳಲ್ಲಿಯೂ ಅರಸನ ಹೆಸರು, ಬಿರುದಾವಳಿ, ಶಾಪವಾಕ್ಯ ಎಲ್ಲವೂ ಇರುತ್ತಿದ್ದವು. ಹಾಗಾದರೆ ಅಸಲು ಯಾವುದು? ವಿದ್ವಾಂಸರು ಪಟದ ಮಾತನ್ನು ಪಟದಿಂದಲೇ ನಂಬುವುದಿಲ್ಲ. ಹೇಳಿದ ತಿಥಿಗೆ ಹೇಳಿದ ವಾರ ಕೂಡುತ್ತದೆಯೇ, ಲಿಪಿ ಆ ಕಾಲದ್ದೇ, ವಂಶಾವಳಿ ಬೇರೆ ಶಾಸನಗಳಿಗೆ ಹೊಂದುತ್ತದೆಯೇ ಎಂದು ಹೊರಗಿನ ಸಾಕ್ಷಿಯನ್ನು ಕೇಳುತ್ತಾರೆ. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜೆ.ಎಫ್. ಫ್ಲೀಟರು 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಖೊಟ್ಟಿ ದಾಖಲೆಗಳ ಒಂದು ಪಟ್ಟಿಯನ್ನೇ ಪ್ರಕಟಿಸಿದರು. ಈ ಪಟ್ಟಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಮಿಂಚಂಚೆಗೆ ಬರೋಣ. ಇಂದಿಗೂ ಅದನ್ನು ಹೊತ್ತೊಯ್ಯುವ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಎಂಬಾತ 1982ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಬರೆದು ಪ್ರಕಟಿಸಿದ. ಅಂದಿನ ಗಣಕಜಾಲ ಒಬ್ಬರನ್ನೊಬ್ಬರು ಬಲ್ಲವರ ಕೇರಿಯಂತಿತ್ತು. ವಿಶ್ವವಿದ್ಯಾಲಯಗಳವರು, ಸಂಶೋಧಕರು, ಸೇನೆಯವರು, ಅಷ್ಟೇ ಜನ. ಆದ್ದರಿಂದ ‘ಕಳುಹಿಸಿದವರು’ ಎಂಬ ಸಾಲಿನಲ್ಲಿ ಏನು ಬರೆದಿದೆಯೋ ಅದನ್ನು ನಂಬುವುದೆಂದೇ ನಿಯಮವಾಯಿತು. 1978ರ ಮೇ ತಿಂಗಳಿನಲ್ಲೇ ಗಣಕಯಂತ್ರ ಮಾರುವವನೊಬ್ಬ ಸುಮಾರು 400 ವಿಳಾಸಗಳಿಗೆ ಕರೆಯದೆ ಬಂದ ಜಾಹೀರಾತೊಂದನ್ನು ಕಳುಹಿಸಿ ಬೈಸಿಕೊಂಡಿದ್ದನಾದರೂ ಆ ಕೇರಿಗೆ ಬೇಲಿ ಬೇಕೆಂದು ಯಾರಿಗೂ ತೋರಲಿಲ್ಲ.

ಮರುವರುಷ, 1983ರಲ್ಲಿ, ಇನ್ನೊಂದು ಕಟ್ಟಡ ಎದ್ದಿತು. ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ಬೇಕಾದದ್ದು ಹೆಸರು. ಅದುವರೆಗೆ ಎಲ್ಲ ಹೆಸರುಗಳನ್ನೂ ಅಂಕಿಗಳನ್ನೂ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ, ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿ, ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಜಾಲ ಬೆಳೆದಂತೆ ಆ ಒಂದು ಕಡತ ಸಾಲದಾಯಿತು. ಪಾಲ್ ಮೊಕಪೆಟ್ರಿಸ್ ಎಂಬಾತ ಅದನ್ನು ಜಗತ್ತಿನ ತುಂಬ ಹಂಚಿಹಾಕುವ ನಾಮವ್ಯವಸ್ಥೆಯನ್ನು ರೂಪಿಸಿದ. ಇದನ್ನೇ ಡಿ.ಎನ್.ಎಸ್. ಎನ್ನುತ್ತಾರೆ.

ಇದರ ಕ್ರಮ ನಮ್ಮ ಕಂದಾಯದ ಕ್ರಮಕ್ಕೆ ಬಹಳ ಹತ್ತಿರ. ಯಲ್ಲಾಪುರದ ಒಂದು ಹಳ್ಳಿಯ ಜಮೀನಿನ ವಿವರ ಬೇಕಾದವನು ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ, ಕೊನೆಗೆ ಶಾನುಭೋಗರ ದಫ್ತರಕ್ಕೆ ಹೋಗುತ್ತಿದ್ದನಲ್ಲವೆ? ಹಾಗೆಯೇ ಇಲ್ಲಿಯೂ ಹೆಸರನ್ನು ಕೊನೆಯಿಂದ ಹಿಂದಕ್ಕೆ ಓದುತ್ತ ಹೋಗಬೇಕು. ‘ಇನ್’ ಎಂದಿದ್ದರೆ ಮೊದಲು ಭಾರತದ ದಫ್ತರ, ಅದು ತೋರಿಸಿದ ಮುಂದಿನ ದಫ್ತರ, ಹೀಗೆ. ಕೊನೆಯ ದಫ್ತರದಲ್ಲಿ ಬರೆಯುವ ಅಧಿಕಾರ ಆ ಹೆಸರಿನ ಒಡೆಯನಿಗೆ ಮಾತ್ರ. ಓದುವ ಅಧಿಕಾರ ಲೋಕಕ್ಕೆಲ್ಲ. ಪಹಣಿಯಲ್ಲಿ ಷರಾ ಎಂಬ ಕಾಲಮ್ಮು ಇರುವಂತೆ ಒಡೆಯ ತನಗೆ ತೋಚಿದ್ದನ್ನು ಬರೆದಿಡಲು 1987ರ ನಿಯಮಾವಳಿ ಅಲ್ಲಿಯೂ ಒಂದು ಖಾಲಿ ಜಾಗ ಬಿಟ್ಟಿತು. ಮುಂದೆ ಈ ಷರಾ ಕಾಲಮ್ಮೇ ಇಡೀ ಕಥೆಯ ತಿರುವಾಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಆ ವೇಳೆಗೆ ಹೊರದೇಶಗಳಲ್ಲಿ ಕೇರಿ ಹೋಗಿ ಜಾತ್ರೆಯಾಗಿತ್ತು. ಜಾತ್ರೆಯಲ್ಲಿ ಕಿಸೆಗಳ್ಳರೂ ಸೇರಿದ್ದರು. 1997ರಲ್ಲಿ ಪಾಲ್ ವಿಕ್ಸಿ ಎಂಬ ತಂತ್ರಜ್ಞ ಒಂದು ಬಹಿಷ್ಕಾರದ ಪಟ್ಟಿಯನ್ನು ಹೊರಡಿಸಿದ. ಕಸದ ಓಲೆಗಳನ್ನು ಸುರಿಯುವ ಯಂತ್ರಗಳ ಅಂಕಿಗಳು ಅದರಲ್ಲಿ. ಪಟ್ಟಿಯನ್ನು ಜಗತ್ತಿಗೆ ಹಂಚುವ ಬಗೆ ಹೇಗೆ? ಅದಕ್ಕೆ ಡಿ.ಎನ್.ಎಸ್. ದಫ್ತರವನ್ನೇ ಬಳಸಿಕೊಂಡರು. ಓಲೆ ತಂದ ಯಂತ್ರದ ಅಂಕಿ 192.0.2.15 ಎಂದಿಟ್ಟುಕೊಳ್ಳಿ. ಅದನ್ನು ತಿರುಗುಮುರುಗು ಮಾಡಿ 15.2.0.192 ಎಂದು ಬರೆದು, ಮುಂದೆ ಪಟ್ಟಿಯವರ ಹೆಸರನ್ನು ಸೇರಿಸಿ, ಹೀಗೊಂದು ಹೆಸರುಂಟೆ ಎಂದು ಕೇಳಬೇಕು. ‘ಅಂಥ ಹೆಸರಿಲ್ಲ’ ಎಂದು ಉತ್ತರ ಬಂದರೆ ಅಂಕಿ ಪಟ್ಟಿಯಲ್ಲಿಲ್ಲ. 127.0.0.2 ಎಂಬಂಥ ಉತ್ತರ ಬಂದರೆ ಉಂಟು. ಓಲೆಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಅಟ್ಟಬಹುದು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ವಿಚಾರಣೆ. ಸ್ಟೀವ್ ಲಿನ್‌ಫರ್ಡ್ 1998ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಟ್ಟಿಗಳು ಇಂದಿಗೂ ಹೀಗೆಯೇ ಉತ್ತರ ಕೊಡುತ್ತಿವೆ.

ಈ ಉಪಾಯದಿಂದ ಉಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಬಹಿಷ್ಕಾರ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಸೀಮೆಯ ಹಿರಿಯರ ಮೈ ಜುಮ್ಮೆನ್ನುತ್ತದೆ. ಊರಿನಿಂದ ಹೊರಗಿಡುವ ತೀರ್ಮಾನ ತಪ್ಪಿತಸ್ಥನೊಬ್ಬನಿಗೇ ನಿಲ್ಲುತ್ತಿರಲಿಲ್ಲ. ಅವನ ಮನೆಯಲ್ಲಿ ನೀರು ಕುಡಿದವರಿಗೂ ತಗಲುತ್ತಿತ್ತು. ಇಲ್ಲಿಯೂ ಹಾಗೆಯೇ. ಒಂದು ಯಂತ್ರದಲ್ಲಿ ನೂರು ಬಾಡಿಗೆದಾರರಿದ್ದು ಒಬ್ಬ ಕೇಡಿಗನಾದರೆ ಉಳಿದವರ ಓಲೆಗಳೂ ಹಿಂದಕ್ಕೆ. ಕೇಡಿಗ ಬಿಟ್ಟುಹೋದ ಅಂಕಿಯನ್ನು ಆಮೇಲೆ ಪಡೆದವನಿಗೆ ಅವನ ಅಪಕೀರ್ತಿಯೂ ಉಂಬಳಿಯಾಗಿ ಬರುತ್ತದೆ. 2003ರ ಆಗಸ್ಟಿನಲ್ಲಿ, ವೈರಿಗಳ ದಾಳಿಗೆ ಸಿಕ್ಕಿ ಬೇಸತ್ತ ಓಸಿರುಸಾಫ್ಟ್ ಎಂಬ ಪಟ್ಟಿಯವರು ಅಂಗಡಿ ಮುಚ್ಚುವಾಗ ಯಾವ ಅಂಕಿಯನ್ನು ಕೇಳಿದರೂ ‘ಉಂಟು’ ಎಂದೇ ಉತ್ತರಿಸತೊಡಗಿದರು. ಅವರನ್ನು ನಂಬಿಕೊಂಡಿದ್ದವರ ಮಟ್ಟಿಗೆ ಇಡೀ ಜಗತ್ತಿಗೇ ಒಂದು ದಿನ ಬಹಿಷ್ಕಾರ ಬಿದ್ದಂತಾಯಿತು!

ಫ್ಲೀಟರ ಪಟ್ಟಿ ಈಗ ನೆನಪಾಗುತ್ತದೆ. ಗಂಗರ ತಾಮ್ರಪಟಗಳನ್ನು ಅವರು ಖೊಟ್ಟಿಯೆಂದು ದೂಡಿದ್ದರು, ಬಿ.ಎಲ್. ರೈಸರು ಒಪ್ಪಲಿಲ್ಲ. ಪೆನುಗೊಂಡೆಯ ಪಟ ಬೆಳಕಿಗೆ ಬಂದ ಮೇಲೆ 1915ರಲ್ಲಿ ಫ್ಲೀಟರೇ ಅದನ್ನು ಅಸಲೆಂದು ಒಪ್ಪಿಕೊಂಡರು. ಪಟ್ಟಿ ಬರೆಯುವವರು ಎಷ್ಟೇ ದೊಡ್ಡವರಾಗಿರಲಿ, ತಪ್ಪು ತಿದ್ದಿಕೊಳ್ಳುವ ದಾರಿಯೊಂದು ತೆರೆದಿರಬೇಕು.

ಇದರಿಂದಾಗಿ ಇನ್ನೊಂದು ಬಗೆಯ ವಿಚಾರಣೆ ಬೆಳೆಯಿತು. ಇವನ ಬಗ್ಗೆ ಊರವರು ಏನೆನ್ನುತ್ತಾರೆ ಎಂಬುದರ ಜೊತೆಗೆ ಆ ಮನೆಯವರೇ ತಮ್ಮ ದಫ್ತರದಲ್ಲಿ ಏನು ಬರೆದಿಟ್ಟಿದ್ದಾರೆ ಎಂದು ಕೇಳುವುದು. ಆ ಷರಾ ಕಾಲಮ್ಮು ಬಳಕೆಗೆ ಬಂದದ್ದು ಇಲ್ಲಿ. ಇದರಲ್ಲಿ ಮೂರು ಮೆಟ್ಟಿಲುಗಳುಂಟು.

ಮೊದಲನೆಯದು ಎಸ್.ಪಿ.ಎಫ್.; 2006ರಲ್ಲಿ ನಿಯಮಾವಳಿಯಾಗಿ ಪ್ರಕಟವಾದದ್ದು. ಸಿದ್ದಾಪುರದಿಂದ ಬರೆದೆನೆನ್ನುವ ಕಾಗದದ ಮೇಲೆ ಯಲ್ಲಾಪುರದ ಅಂಚೆಮುದ್ರೆ ಇದ್ದರೆ ನಾವು ಹುಬ್ಬು ಗಂಟಿಕ್ಕುವುದಿಲ್ಲವೆ? ‘ನಮ್ಮ ಓಲೆಗಳು ಇಂತಿಂಥ ಯಂತ್ರಗಳಿಂದ ಮಾತ್ರ ಹೊರಡುತ್ತವೆ’ ಎಂದು ಮನೆಯವರೇ ಬರೆದಿಡುವ ಷರಾ ಇದು. ಎರಡನೆಯದು ಡಿ.ಕೆ.ಐ.ಎಂ., 2007ರದು. ಮುದ್ರೆಯುಂಗುರ ಒಡೆಯನ ಬೆರಳಿನಲ್ಲೇ ಇರುತ್ತದೆ. ಅದರ ಅಚ್ಚನ್ನು ಮಾತ್ರ ದಫ್ತರದಲ್ಲಿ ತೂಗುಹಾಕಿರುತ್ತಾನೆ. ಓಲೆಯ ಮೇಲಿನ ಮುದ್ರೆ ಅಚ್ಚಿಗೆ ಹೊಂದಿದರೆ ಓಲೆ ಆ ಮನೆಯದೆಂದೂ, ಮುದ್ರೆಯ ಕಾವಲಿಗೆ ಒಳಪಟ್ಟ ಭಾಗವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲವೆಂದೂ ತಿಳಿಯುತ್ತದೆ. ಮೂರನೆಯದು ಡಿಮಾರ್ಕ್, 2012ರಲ್ಲಿ ಹೊರಬಂದು 2015ರಲ್ಲಿ ನಿಯಮಾವಳಿಯ ರೂಪ ಪಡೆಯಿತು. ಕಣ್ಣಿಗೆ ಕಾಣುವ ‘ಕಳುಹಿಸಿದವರು’ ಎಂಬ ವಿಳಾಸಕ್ಕೂ ಆ ಎರಡು ಪರೀಕ್ಷೆಗಳಲ್ಲಿ ಒಂದಕ್ಕಾದರೂ ತಾಳೆಯಾಗಬೇಕು. ಆಗದಿದ್ದರೆ ಓಲೆಯನ್ನು ಸುಮ್ಮನೆ ಬಿಡಬೇಕೋ, ಪಕ್ಕಕ್ಕಿಡಬೇಕೋ, ಹಿಂತಿರುಗಿಸಬೇಕೋ ಎಂಬ ಮನೆಯೊಡೆಯನ ಸೂಚನೆ ಅಲ್ಲಿರುತ್ತದೆ. ತನ್ನ ಹೆಸರಿನಲ್ಲಿ ಯಾರುಯಾರು ಎಲ್ಲೆಲ್ಲಿಂದ ಓಲೆ ಕಳುಹಿಸುತ್ತಿದ್ದಾರೆಂಬ ವರದಿಯನ್ನೂ ಅವನು ತರಿಸಿಕೊಳ್ಳಬಹುದು.

ಈಗ ನಮ್ಮ ಮನೆಯ ಒಗಟನ್ನು ಬಿಡಿಸಬಹುದು. ಅಳಿಯ ಗಣಕದಲ್ಲಿ ಒಂದು ಕಪ್ಪು ಕಿಟಕಿ ತೆರೆದು ‘ಡಿಗ್’ ಎಂಬ ಅಪ್ಪಣೆ ಕೊಟ್ಟ. ಇಂಗ್ಲಿಷಿನಲ್ಲಿ ಅಗೆಯುವುದಕ್ಕೂ ಅದೇ ಶಬ್ದವಲ್ಲವೆ. ಶಾಸನ ಹುಡುಕುವವರ ಕಸುಬೇ ಇದು ಎಂದು ನನಗೆ ನಗು ಬಂತು. ಸಂಘದ ಹೆಸರಿನ ದಫ್ತರದಲ್ಲಿ ಷರಾ ಕಾಲಮ್ಮು ಖಾಲಿ! ಮೂರರಲ್ಲಿ ಒಂದೂ ಬರೆದಿರಲಿಲ್ಲ. ಮೇಲಾಗಿ ಸಂಘದವರು ಬಾಡಿಗೆಗೆ ಹಿಡಿದಿದ್ದ ಯಂತ್ರದ ಅಂಕಿ, ಬೇರಾವನೋ ಬಾಡಿಗೆದಾರನ ದೆಸೆಯಿಂದ, ಪಟ್ಟಿಯೊಂದರಲ್ಲಿ ಸೇರಿತ್ತು. ಬ್ಯಾಂಕಿನ ಹೆಸರಿನ ಓಲೆಯೋ, ಯಾರು ಬೇಕಾದರೂ ಪುಕ್ಕಟೆಯಾಗಿ ತೆರೆಯಬಹುದಾದ ಅಂಚೆಖಾತೆಯಿಂದ ಬಂದದ್ದು. ಬ್ಯಾಂಕಿನ ಹೆಸರು ಬರಿಯ ಅಲಂಕಾರ. ಒಳಗಿನ ವಿಳಾಸ ಬೇರೆಯೇ. ಆ ಪುಕ್ಕಟೆ ಅಂಚೆಯವರ ಮುದ್ರೆಗಳೆಲ್ಲ ಕ್ರಮಬದ್ಧವಾಗಿದ್ದುದರಿಂದ ಓಲೆ ಜಗಲಿ ಹತ್ತಿತು. ಓಲೆ ಯಾವ ಮನೆಯಿಂದ ಹೊರಟಿತೆಂಬುದನ್ನು ಮುದ್ರೆ ಹೇಳೀತು. ಬರೆದವನ ಮನಸ್ಸನ್ನು ಹೇಳಲಾರದು. ಆ ವಿವೇಕ ಓದುವವನಲ್ಲೇ ಇರಬೇಕು.

ಈ ಮಾತು ನಮ್ಮ ಮೂರು ತಾಲ್ಲೂಕುಗಳಿಗೆ ಏಕೆ ಮುಖ್ಯವೆಂದು ಹೇಳಿ ಮುಗಿಸುತ್ತೇನೆ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ಸಗಟು ಓಲೆ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು. ಜಿಮೇಲಿನವರ ಲೆಕ್ಕದಲ್ಲಿ ಸಗಟು ಎಂದರೆ ದಿನಕ್ಕೆ 5000. ಸಣ್ಣವರೂ ಒಂದನ್ನಾದರೂ ಬರೆದಿಟ್ಟಿರಬೇಕು. ಇನ್ನು ಬ್ಯಾಂಕುಗಳಿಗಾಗಿಯೇ ರಿಸರ್ವ್ ಬ್ಯಾಂಕು ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಕೇರಿಯನ್ನು ಗೊತ್ತುಮಾಡಿ, 2025ರ ಅಕ್ಟೋಬರ್ 31ರೊಳಗೆ ಅಲ್ಲಿಗೆ ಬರಬೇಕೆಂದು ವಿಧಿಸಿತು. ಆ ಕೇರಿಯಲ್ಲಿ ಹೆಸರು ಕೊಡುವ ಅಧಿಕಾರ ಹೈದರಾಬಾದಿನ ಐ.ಡಿ.ಆರ್.ಬಿ.ಟಿ. ಸಂಸ್ಥೆಗೆ ಮಾತ್ರ. ಇದು ಒಳ್ಳೆಯದೇ. ಆದರೆ ಹಳ್ಳಿಹಳ್ಳಿಯ ಸೇವಾ ಸಹಕಾರಿ ಸಂಘಗಳು ಕಾನೂನಿನ ಕಣ್ಣಿನಲ್ಲಿ ಬ್ಯಾಂಕುಗಳಲ್ಲ. ಅವು ಆ ಬೇಲಿಯ ಹೊರಗೆ. ನಮ್ಮ ಅಡಕೆಯ ಹಣ, ಬೆಳೆಸಾಲ, ಠೇವಣಿಗಳೆಲ್ಲ ಇರುವುದೋ ಹೆಚ್ಚಾಗಿ ಅಲ್ಲಿಯೇ. ಅಂಥ ಸಂಘದ ಹೆಸರನ್ನು ಕಳ್ಳನೊಬ್ಬ ಬಳಸಿದರೆ ತಡೆಯುವವರಾರು?

1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿದಾಗ ಬೆಳೆಗಾರರು ಒಂದು ಸತ್ಯವನ್ನು ಕಂಡುಕೊಂಡಿದ್ದರು: ಒಬ್ಬೊಬ್ಬರ ಮೂಟೆಗೆ ಇಲ್ಲದ ಬೆಲೆ ಎಲ್ಲರೂ ಕೂಡಿ ಕಾಪಾಡಿದ ಹೆಸರಿಗೆ ಇರುತ್ತದೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತು ದೊರೆತದ್ದೂ ಇದೇ ಅರ್ಥದ ಮುಂದುವರಿಕೆ. ಯಾವ ಚೀಲದ ಮೇಲೆ ಯಾರು ಬೇಕಾದರೂ ಶಿರಸಿ ಎಂದು ಬರೆಯಬಹುದು; ಚೆನ್ನೈಯ ನೋಂದಣಿ ದಫ್ತರವನ್ನು ಕೇಳಿದರೆ ಆ ಹೆಸರಿನ ಹಕ್ಕು ಯಾರದೆಂದು ತಿಳಿಯುತ್ತದೆ. ಚೀಲಕ್ಕೆ ಮಾಡಿದ ಈ ಕಾವಲನ್ನು ನಮ್ಮ ಓಲೆಗಳಿಗೂ ಮಾಡಬೇಡವೆ?

ಚೌತಿಯ ಮರುವಾರ ನಾನು ಸಂಘದ ಕಾರ್ಯದರ್ಶಿಗಳ ಬಳಿಗೆ ಹೋದೆ. ಇಷ್ಟನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿ, “ಸರ್, ಇದಕ್ಕೆ ಖರ್ಚೆಷ್ಟು?” ಎಂದರು. ಮೂರು ಸಾಲು ಬರೆಯುವಷ್ಟು ಎಂದೆ. ಅಳಿಯ ಬೆಂಗಳೂರಿನಿಂದಲೇ ದೂರವಾಣಿಯಲ್ಲಿ ಹೇಳಿಕೊಟ್ಟ, ಅವರು ಬರೆಸಿದರು. ಪಟ್ಟಿಯವರಿಗೂ ಬಾಡಿಗೆ ಯಂತ್ರದವರಿಗೂ ಅರ್ಜಿ ಹೋಯಿತು. ಕೆಲವು ದಿನಗಳಲ್ಲಿ ಆ ಅಂಕಿಯ ಬಹಿಷ್ಕಾರವೂ ಬಿಟ್ಟಿತು. ಆಮೇಲೆ ಸಂಘದಿಂದ ಬಂದ ಮೊದಲ ಓಲೆ ಅಡಕೆ ಧಾರಣೆಯನ್ನು ಕುರಿತದ್ದು. ಅದು ನೇರವಾಗಿ ಜಗಲಿಗೇ ಬಂದು ಕುಳಿತಿತ್ತು. ಆದರೂ, ಹಳೆಯ ಅಭ್ಯಾಸ ನೋಡಿ, ಒಳಗಿನ ವಿಳಾಸವನ್ನೊಮ್ಮೆ ನೋಡಿಯೇ ಓದಿದೆ.